ಊರು ಸುತ್ತಿ ಬಂದ ರವಿಕೆ ಕಣ

ಕಪಿನಿ ಹೊಳೆಯ ದಂಡೆಯ ಮೇಲೆ ಒಂದು ಊರು. ಆ ಊರಿನ ಪೇಟೆ ಬೀದಿಯಲ್ಲಿ ಗಣೋಜಿರಾಯರ ಹೊಲಿಗೆ ಅಂಗಡಿ. ಅಂಗಡಿಯ ಮೂಲೆಯಲ್ಲಿ ಒಂದು ಚಾಪೆ. ಆ ಚಾಪೆಯ ಮೇಲೆ ಹದಿಮೂರು ವರ್ಷದಿಂದ ಕೂತಿದ್ದವಳು ಶಿವನಂಜಮ್ಮ.

ಹುಕ್ಕು ಹಾಕುವುದು, ಅದು ಸಿಕ್ಕಿಕೊಳ್ಳಲು ದಾರದ ಕಾಜಾ ಕಟ್ಟುವುದು, ಅಂಚು ಮಡಚಿ ಹೆಮ್ಮಿಂಗ್ ಮಾಡುವುದು ಅವಳ ಕೆಲಸ. ಬಟ್ಟೆ ಕತ್ತರಿಸುವವರು ರಾಯರು. ಕತ್ತರಿಸಿದ್ದನ್ನು ಮೆಷಿನ್ನಿನವರು ಹೊಲಿಯುತ್ತಿದ್ದರು. ಎಲ್ಲರ ಕೈ ದಾಟಿದ ಮೇಲೆ ಬಟ್ಟೆ ಅವಳ ತೊಡೆಯ ಮೇಲೆ ಬಂದು ಬೀಳುತ್ತಿತ್ತು. ಊರಿನ ಹೆಂಗಸರೆಲ್ಲರ ರವಿಕೆಗಳೂ ಹಾಗೆ ಬಂದು ಹೋಗಿದ್ದವು.

ಬೆಳಗ್ಗೆ ರಾಯರು ಎತ್ತರದ ಮೇಜಿನ ಮೇಲೆ ಬಟ್ಟೆ ಹಾಸುವರು. ಸೀಮೆಸುಣ್ಣದಲ್ಲಿ ಗೆರೆ ಎಳೆಯುವರು. ಆಮೇಲೆ ದೊಡ್ಡ ಕತ್ತರಿ ಎತ್ತಿದರೆ ಕರ್... ಕರ್... ಎಂದು ಒಂದು ಸದ್ದು. ಆ ಸದ್ದು ಕಿವಿಗೆ ಬಿದ್ದರೆ ಸಾಕು, ಶಿವನಂಜಮ್ಮನ ಸೂಜಿ ತಾನಾಗಿ ನಿಲ್ಲುತ್ತಿತ್ತು. ತಾಯಿಯ ಕೂಗು ಕೇಳಿದ ಕರುವಿನ ಹಾಗೆ ಕತ್ತೆತ್ತಿ ನೋಡುವಳು. ಬರೀ ಬಟ್ಟೆ ಒಂದು ಆಕಾರ ತಾಳುವುದು ಆ ಮೇಜಿನ ಮೇಲೆ ತಾನೇ? ತನಗೂ ಒಂದು ದಿನ ಆ ಮೇಜು ಬೇಕು, ಆ ಗೆರೆ ತನ್ನ ಕೈಯಿಂದ ಬರಬೇಕು. ಆಸೆ ಇದ್ದದ್ದು ಅಷ್ಟೇ. ಅಷ್ಟೇ ಆದರೂ ಎದೆ ತುಂಬ ಇತ್ತು.

ಪ್ರತಿ ಆಯುಧಪೂಜೆಯ ದಿನ ಕತ್ತರಿಗೆ ಕುಂಕುಮ ಇಡುವಾಗ ಅವಳು ಕೇಳುತ್ತಿದ್ದಳು.

"ರಾಯರೇ, ನನಗೂ ಕಟಿಂಗ್ ಹೇಳಿಕೊಡ್ತೀರಾ?"

"ನೋಡೋಣ ಕಣಮ್ಮ. ಕಾಲ ಬರಲಿ."

ರಾಯರು ಕೆಟ್ಟವರಲ್ಲ. ಆದರೆ ಆ ನೋಡೋಣಕ್ಕೆ ದಿನವೂ ಇರಲಿಲ್ಲ, ವಾರವೂ ಇರಲಿಲ್ಲ.

ಶಿವನಂಜಮ್ಮ ದೈವಭಕ್ತೆ. ಆ ಊರನ್ನು ಕಾಯುವ ತಾಯಿ ಮಡಿಲಮ್ಮ. ಶುಕ್ರವಾರ ಅವಳ ಗುಡಿಯಲ್ಲಿ ಹೂ ಕೇಳುವ ಪದ್ಧತಿ. ಪೂಜಾರಿ ಮಾದಪ್ಪನವರು ನೀರಲ್ಲಿ ಅದ್ದಿದ ಸೇವಂತಿಗೆಯನ್ನು ತಾಯಿಯ ಎರಡು ಭುಜಕ್ಕೂ ಒಂದೊಂದು ಅಂಟಿಸುವರು. ಭಕ್ತರು ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡು ಕೈಮುಗಿಯುವರು. ಬಲಗಡೆಯ ಹೂ ಬಿದ್ದರೆ ಅಪ್ಪಣೆಯಾಯಿತು. ಎಡಗಡೆಯದು ಬಿದ್ದರೆ ಬೇಡವೆಂದು ಅರ್ಥ. ಬಾವಿ ತೋಡುವವರು, ಹೆಣ್ಣು ನೋಡಲು ಹೊರಟವರು, ಹಸು ಕೊಳ್ಳುವವರು ಎಲ್ಲರೂ ಅಲ್ಲಿ ಕೇಳಿಯೇ ಹೋಗುವುದು.

ಶಿವನಂಜಮ್ಮನೂ ಕೇಳುತ್ತಿದ್ದಳು. "ತಾಯೀ, ನನ್ನ ಕೈಗೆ ಕತ್ತರಿ ಯಾವಾಗ ಬರುತ್ತೆ?"

ಹೂ ಅಲ್ಲಾಡುತ್ತಿರಲಿಲ್ಲ. ಬಲದ್ದೂ ಇಲ್ಲ, ಎಡದ್ದೂ ಇಲ್ಲ. ಹಿಂದೆ ನಿಂತವರು ಗೊಣಗುವವರೆಗೆ ನೋಡುತ್ತಾ ನಿಂತು, ಇನ್ನೂ ಕಾಲ ಬಂದಿಲ್ಲವೇನೋ ಎಂದುಕೊಂಡು ಅವಳು ತೀರ್ಥ ತೆಗೆದುಕೊಂಡು ಹೊರಡುವಳು.

ಲಾರಿ ಓಡಿಸುವ ಅವಳ ಗಂಡ ತಿಂಗಳಿಗೊಮ್ಮೆ ಮನೆಗೆ ಬಂದಾಗ ಇದನ್ನು ಕೇಳಿ ನಗುತ್ತಿದ್ದ. "ಕತ್ತರಿ ಬೇಕಾದ್ರೆ ಸಂತೇಲಿ ಸಿಗುತ್ತಲ್ಲೇ. ಪಾಪ, ಆ ಯಮ್ಮನ್ನ ಯಾಕೆ ಕಾಡ್ತೀಯ?"

"ಸಂತೆ ಕತ್ತರಿ ಅಲ್ಲಾ ರೀ ನಾನು ಕೇಳ್ತಿರೋದು" ಎಂದು ಅವಳು ಮುಖ ತಿರುಗಿಸುವಳು.

ಹೀಗೆ ಅವಳಿಗೆ ವಯಸ್ಸು ನಲವತ್ತು ದಾಟಿತು. ಸೂಜಿಗೆ ದಾರ ಪೋಣಿಸಲು ಮೂರು ಸಲ, ನಾಲ್ಕು ಸಲ ಬೇಕಾಗತೊಡಗಿತು. ಕಪ್ಪು ಬಟ್ಟೆಗೆ ಕಪ್ಪು ದಾರದ ಕಾಜಾ ಬಂದರೆ ಕಣ್ಣಲ್ಲಿ ನೀರು. ಇನ್ನು ನಾಲ್ಕೈದು ವರ್ಷ ಹೋದರೆ ಈ ಚಾಪೆಯೂ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬೇಕಾದ್ದು ಸಿಗುವ ಮೊದಲೇ ಇದ್ದದ್ದು ಹೋಗುತ್ತದಲ್ಲ ಎಂಬ ಭಯ ಒಳಗೇ ಕೊರೆಯುತ್ತಿತ್ತು.

ಆ ವರ್ಷ ಶ್ರಾವಣದಲ್ಲಿ ಅಂಗಡಿಗೆ ಕೆಲಸ ಹೆಚ್ಚಾಯಿತು. ರಾಯರು ಮೈಸೂರಿನಿಂದ ಒಬ್ಬ ಕಟಿಂಗ್‌ನವನನ್ನು ಕರೆಸಿ ಮೇಜಿನ ಮುಂದೆ ನಿಲ್ಲಿಸಿದರು. ಶಿವನಂಜಮ್ಮನಿಗೆ ತಡೆಯಲಾಗಲಿಲ್ಲ.

"ಹದಿಮೂರು ವರ್ಷದಿಂದ ಕೇಳ್ತಾ ಇದ್ದೆನಲ್ಲ ರಾಯರೇ."

ರಾಯರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಕೇಳಿದೆ ತಾಯಿ, ಇಲ್ಲ ಅಂದೋರು ಯಾರು? ಆದರೆ ಒಂದು ದಿನಾನಾದ್ರೂ ಹಳೇ ಪೇಪರ್ ಒಂದನ್ನ ಕತ್ತರಿಸಿ ತಂದು, ನೋಡಿ ರಾಯರೇ, ಇದು ಸರೀನಾ ಅಂದಿದ್ದೀಯಾ? ಗಿರಾಕಿ ಬಟ್ಟೇನ ಏನು ನಂಬಿ ನಿನ್ನ ಕೈಗೆ ಕೊಡಲಿ?"

ಅವಳು ಚಾಪೆಗೆ ಹಿಂತಿರುಗಿ ಸೂಜಿ ಕೈಗೆತ್ತಿಕೊಂಡಳು.

ಮರುದಿನ ವರಮಹಾಲಕ್ಷ್ಮಿ ವ್ರತ. ಸಂಜೆ ಪಕ್ಕದ ಮನೆಯ ಪುಟ್ಟತಾಯಮ್ಮ ಅರಿಶಿನ ಕುಂಕುಮಕ್ಕೆ ಕರೆದಳು. ತಾಂಬೂಲದ ಜೊತೆ ಒಂದು ಹಸಿರು ರವಿಕೆ ಕಣ ಕೊಟ್ಟಳು. ಮನೆಗೆ ಬಂದು ಅದನ್ನು ಟ್ರಂಕಿನಲ್ಲಿ ಇಡಲು ಹೋದಾಗ ಶಿವನಂಜಮ್ಮನ ಬೆರಳಿಗೆ ಮೂಲೆಯಲ್ಲಿ ಏನೋ ಗಂಟು ಸಿಕ್ಕಿತು. ಬೆಳಕಿಗೆ ಹಿಡಿದಳು. ಪುಟ್ಟದೊಂದು ಕಾಜಾ.

ಅವಳದೇ ಕೈಯ ಕಾಜಾ! ನಾಲ್ಕು ವರ್ಷದ ಹಿಂದೆ ದಾರದ ಬಣ್ಣ ಹೊಂದುತ್ತದೆಯೋ ಎಂದು ನೋಡಲು ಈ ಬಟ್ಟೆಯ ಮೂಲೆಯಲ್ಲಿ ತಾನೇ ಹಾಕಿದ್ದು. ಆಮೇಲೆ ಕೋಟೆ ಬೀದಿಯ ಒಬ್ಬ ಮುತ್ತೈದೆಗೆ ಮಡಿಲಕ್ಕಿಯ ಜೊತೆ ಕೊಟ್ಟಿದ್ದಳು.

ನಮ್ಮ ಕಡೆ ನಡೆಯುವುದು ನಿಮಗೆ ಗೊತ್ತೇ ಇದೆ. ರವಿಕೆ ಕಣ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತದೆ. ಅಲ್ಲಿಂದ ಮತ್ತೊಂದು ಮನೆಗೆ. ಪ್ರತಿ ಮನೆಯಲ್ಲೂ ಅದಕ್ಕೆ ಕುಂಕುಮ ಬೀಳುತ್ತದೆ, ಗೌರವ ಸಿಗುತ್ತದೆ, ಕರ್ಪೂರದ ವಾಸನೆಯ ಟ್ರಂಕಿನಲ್ಲಿ ಜಾಗ ಸಿಗುತ್ತದೆ. ಹೊಲಿಸುವವರು ಮಾತ್ರ ಯಾರೂ ಇಲ್ಲ.

ಶಿವನಂಜಮ್ಮನಿಗೆ ಮೊದಲು ನಗು ಬಂತು. "ಎಷ್ಟು ಮನೆ ನೋಡಿಕೊಂಡು ಬಂದೆ ತಾಯೀ?" ಎಂದು ಬಟ್ಟೆಯನ್ನು ಸವರಿದಳು. ಸವರುತ್ತಾ ಸವರುತ್ತಾ ಕೈ ಮಡಿಕೆಯ ಗೆರೆಯ ಮೇಲೆ ನಿಂತಿತು. ಇಷ್ಟು ವರ್ಷ ಮಡಿಕೆ ಬಿಚ್ಚದೆ ಇದ್ದದ್ದು ಇದೊಂದೇ ಅಲ್ಲ ಎನಿಸಿತು. ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕೂತುಬಿಟ್ಟಳು.

ಮುಂದಿನ ಶುಕ್ರವಾರ ಗುಡಿಗೆ ಹೋದಳು. ಅದೇ ಪ್ರಶ್ನೆ. ಹೂ ಅಲ್ಲಾಡಲಿಲ್ಲ. ಎಲ್ಲರೂ ಹೋದರೂ ಅವಳು ಕಂಬಕ್ಕೆ ಒರಗಿ ಕೂತೇ ಇದ್ದಳು. ಮಾದಪ್ಪನವರು ಗರ್ಭಗುಡಿ ಒರೆಸುತ್ತಾ ಕೇಳಿದರು.

"ಏನವ್ವಾ ನಂಜವ್ವ, ಇವತ್ತು ಮನೆ ಕಡೆ ಹೋಗೋ ಯೋಚನೆ ಇಲ್ವಾ?"

"ಅಮ್ಮನಿಗೆ ನನ್ನ ಮೇಲೆ ಕೋಪ ಇರಬೇಕು ಅಪ್ಪಾಜಿ. ಹಸು ಕೊಳ್ಳೋರಿಗೂ ಹೂ ಕೊಡ್ತಾಳೆ. ನನಗೆ ಎಡಗಡೆದೂ ಕೊಡಲ್ಲ."

"ಕೋಪ ಯಾಕೆ? ಹಸು ಕೊಳ್ಳೋನು ಏನಂತ ಕೇಳ್ತಾನೆ? ಸೋಮವಾರ ಸಂತೆಗೆ ಹೋಗ್ತೀನಿ, ಕಂದು ಹಸು ನೋಡಿಟ್ಟಿದ್ದೀನಿ, ತರಲಾ ಅಂತಾನೆ. ಹಗ್ಗ ಹೆಗಲ ಮೇಲೇ ಇರುತ್ತೆ. ತಾಯಿ ಹೂಂ ಅಂದ್ರೆ ನೆಟ್ಟಗೆ ಸಂತೆಗೆ. ನೀನು ಏನು ಹಿಡ್ಕೊಂಡು ಬರ್ತೀಯ?"

"ಆಸೆ ಅಪ್ಪಾಜಿ."

"ಅದು ಅವಳೇ ಕೊಟ್ಟಿದ್ದಲ್ವಾ? ಅದನ್ನೇ ತಂದು ಅವಳ ಮುಂದೆ ಹಿಡಿದ್ರೆ ಅವಳು ಏನು ಹೇಳ್ಬೇಕು? ಅದನ್ನ ಇಟ್ಕೊಂಡು ಏನು ಮಾಡ್ತೀಯ, ಯಾವತ್ತಿಂದ ಮಾಡ್ತೀಯ, ಎಲ್ಲಿಗೆ ಮುಟ್ಟಿಸ್ತೀಯ? ಅದನ್ನ ಯೋಚನೆ ಮಾಡ್ಕೊಂಡು ಬಾ. ಆಮೇಲೆ ನೋಡು, ತಾಯಿ ಬಾಯಿ ಬಿಡ್ತಾಳೋ ಇಲ್ವೋ."

ಮಾದಪ್ಪನವರು ಓದಿದವರಲ್ಲ. ಆದರೆ ನಲವತ್ತು ವರ್ಷ ಆ ತಾಯಿಯ ಭುಜಕ್ಕೆ ಹೂ ಅಂಟಿಸಿದ ಕೈ ಅವರದು.

ಆ ವಾರವೆಲ್ಲ ಶಿವನಂಜಮ್ಮ ಯೋಚಿಸಿದಳು. ಕಳೆದ ತಿಂಗಳ ಕ್ಯಾಲೆಂಡರ್ ಹಾಳೆ ಹರಿದು ಅದರ ಹಿಂದೆ ಬರೆದಳು. ತನಗೆ ಹೊಲಿಗೆ ಬರುತ್ತದೆ. ಅವ್ವ ಬಿಟ್ಟುಹೋದ ತುಳಿಯುವ ಮೆಷಿನ್ ಮನೆಯಲ್ಲೇ ಇದೆ, ದಿಂಬಿನ ಚೀಲ ಹೊಲಿಯುವುದಕ್ಕೆ ಬಿಟ್ಟರೆ ಅದಕ್ಕೆ ಕೆಲಸವಿಲ್ಲ. ಬಾರದಿರುವುದು ಕತ್ತರಿಸುವುದು. ಅದರಲ್ಲೂ ತೋಳು, ಕಂಕುಳ ತಿರುವು, ಕುತ್ತಿಗೆ. ಇಷ್ಟು ಬರೆದು ಅವಳಿಗೇ ಆಶ್ಚರ್ಯವಾಯಿತು. ಹದಿಮೂರು ವರ್ಷ ಬೆಟ್ಟದಂತೆ ಕಂಡದ್ದು ಒಂದು ಹಾಳೆಯ ಅರ್ಧಕ್ಕೆ ಮುಗಿದಿತ್ತು! ಕೊನೆಗೆ ಒಂದು ದಿನವನ್ನೂ ಗೊತ್ತು ಮಾಡಿಕೊಂಡಳು. ಮುಂದಿನ ವರ್ಷದ ವರಮಹಾಲಕ್ಷ್ಮಿ.

ಶುಕ್ರವಾರ ಸ್ನಾನ ಮಾಡಿ, ಹಾಳೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಗುಡಿಗೆ ಬಂದಳು. "ತಾಯೀ, ಸೋಮವಾರ ರಾಯರ ಕಾಲು ಹಿಡೀತೀನಿ. ಅಂಗಡಿಯಲ್ಲೇ ಕೂತು ಕಲೀತೀನಿ. ಕೇಳಲಾ?"

ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಟಪ್ಪೆಂದು ಹೂ ಬಿತ್ತು. ಎಡಗಡೆಯದು!

ಪಕ್ಕದಲ್ಲಿದ್ದ ಪುಟ್ಟತಾಯಮ್ಮ ಅಯ್ಯೋ ಎಂದಳು. ಶಿವನಂಜಮ್ಮನ ಮುಖ ನೋಡಿದರೆ ಅದು ಅರಳಿತ್ತು. ಕಣ್ಣಲ್ಲಿ ನೀರು.

"ಎಡಕ್ಕೆ ಬಿದ್ದಿದೆ ಕಣೇ, ನಗ್ತೀಯಲ್ಲ?"

"ಬಿತ್ತಲ್ಲಾ ಅಕ್ಕ! ಹದಿಮೂರು ವರ್ಷಕ್ಕೆ ತಾಯಿ ನನ್ನ ಜೊತೆ ಮಾತಾಡಿದ್ಲು."

ಮಾದಪ್ಪನವರು ನಗುತ್ತಾ ಮತ್ತೆ ಹೂ ಅಂಟಿಸಿದರು. ಅವಳು ಸೆರಗಿನ ಗಂಟು ಬಿಚ್ಚಿ ಹಾಳೆ ನೋಡಿಕೊಂಡಳು. ಕಣ್ಣು ಮುಚ್ಚಿದಳು. "ಹಾಗಾದ್ರೆ ಮನೆಯಲ್ಲೇ ಕಲೀತೀನಿ ತಾಯೀ. ದಿನಾ ಬೆಳಗ್ಗೆ ಅಂಗಡಿಗೆ ಹೋಗೋ ಮೊದಲು ಒಂದು ಗಂಟೆ. ಟ್ರಂಕಿನಲ್ಲಿರೋ ಕಣಗಳನ್ನೇ ಕತ್ತರಿಸ್ತೀನಿ. ಮುಂದಿನ ವರಮಹಾಲಕ್ಷ್ಮಿಗೆ ನಾನೇ ಕತ್ತರಿಸಿ ಹೊಲಿದ ರವಿಕೆ ಹಾಕ್ಕೊಂಡು ನಿನ್ನ ಮುಂದೆ ನಿಲ್ತೀನಿ. ಶುರು ಮಾಡಲಾ?"

ಅವಳು ಕಣ್ಣು ಬಿಡುವ ಮೊದಲೇ ಬಲಗಡೆಯ ಹೂ ತಾಯಿಯ ಮಡಿಲಿನಲ್ಲಿ ಬಿದ್ದಿತ್ತು.

ಮರುದಿನ ಬೆಳಗ್ಗೆ ಮೊದಲು ಅವಳು ಹೊರತೆಗೆದದ್ದು ತೀರಿಹೋದ ಅವ್ವನ ಹಳೆಯ ರವಿಕೆ. ಇಪ್ಪತ್ತೈದು ವರ್ಷದ ಹಿಂದೆ ಗಣೋಜಿರಾಯರೇ ಕತ್ತರಿಸಿದ್ದು. ಅದರ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಾ "ಅವ್ವಾ, ತಪ್ಪಾದ್ರೆ ಹೊಟ್ಟೆಗೆ ಹಾಕ್ಕೋ" ಎಂದಳು. ಬಿಚ್ಚಿದ ತುಂಡುಗಳನ್ನು ಹಳೇ ಪೇಪರಿನ ಮೇಲೆ ಹರಡಿ ಪೆನ್ಸಿಲಿನಲ್ಲಿ ಸುತ್ತಲೂ ಗೆರೆ ಎಳೆದಳು. ಬೆನ್ನು ಹೀಗಿದೆ. ಎದೆಯ ಭಾಗ ಹೀಗೆ. ಕಂಕುಳ ತಿರುವು ಇಷ್ಟು ಒಳಗೆ. ರಾಯರು ಬಾಯಲ್ಲಿ ಹೇಳಿಕೊಡದೆ ಇದ್ದದ್ದನ್ನು ರಾಯರ ಕತ್ತರಿ ಹೇಳಿಕೊಟ್ಟಿತು.

ಅಂಗಡಿಯಲ್ಲೂ ಅವಳ ನೋಟ ಬೇರೆಯಾಯಿತು. ತೊಡೆಯ ಮೇಲೆ ಬಂದು ಬೀಳುವ ಪ್ರತಿ ರವಿಕೆಯನ್ನೂ ಒಳಗು ಹೊರಗು ಮಾಡಿ ನೋಡುವಳು. ದಪ್ಪ ಮೈಯವರಿಗೆ ರಾಯರು ಎಲ್ಲಿ ಬಟ್ಟೆ ಬಿಡುತ್ತಾರೆ, ಗೂನು ಬೆನ್ನಿನ ಅಜ್ಜಿಗೆ ಎಲ್ಲಿ ಎತ್ತರಿಸುತ್ತಾರೆ. ಪಾಠವೆಲ್ಲ ಇಷ್ಟು ವರ್ಷ ಮಡಿಲಿಗೇ ಬಂದು ಬೀಳುತ್ತಿತ್ತು. ಮೇಜಿನ ಕಡೆ ನೋಡುತ್ತಾ ನೋಡುತ್ತಾ ಅವಳು ಮಡಿಲು ನೋಡಿಕೊಂಡಿರಲೇ ಇಲ್ಲ.

ಟ್ರಂಕಿನ ಕಣಗಳಿಗೆ ಕತ್ತರಿ ಹಾಕಿದ ದಿನ ಪುಟ್ಟತಾಯಮ್ಮ ಕೆನ್ನೆಗೆ ಕೈ ಇಟ್ಟುಕೊಂಡಳು.

"ಅರಿಶಿನ ಕುಂಕುಮದ ಬಟ್ಟೆ ಕಣೇ! ಕತ್ತರಿಸಿ ಹಾಕ್ತೀಯಲ್ಲ?"

"ಹೊಲಿಸ್ಕೊಳ್ಳಲಿ ಅಂತ ತಾನೇ ಅಕ್ಕ ಕೊಟ್ಟಿದ್ದು?"

ಪುಟ್ಟತಾಯಮ್ಮ ಕೆನ್ನೆಯ ಕೈ ತೆಗೆದು ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು.

ಮೊದಲನೆಯ ರವಿಕೆಗೆ ಎರಡು ತೋಳೂ ಒಂದೇ ಕಡೆಯವು ಬಂದವು. ಬಟ್ಟೆ ಮಡಚದೆ ಕತ್ತರಿಸಿದ್ದಳು. "ಎರಡೂ ಎಡಗೈ ಇರೋರು ಯಾರಾದ್ರೂ ಬಂದ್ರೆ ಕೊಡುವಂತೆ, ಎತ್ತಿಡು" ಎಂದು ಪುಟ್ಟತಾಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡನೆಯದರ ಕುತ್ತಿಗೆ ಭುಜ ದಾಟಿ ಜಾರಿತು. ಮೂರನೆಯದರ ತೋಳಿಗೆ ಕೈಯೇ ತೂರಲಿಲ್ಲ. ಒಂದೊಂದು ಕಣ ಕೆಟ್ಟಾಗಲೂ ಅದನ್ನು ಕೊಟ್ಟವರ ಮುಖ ಕಣ್ಮುಂದೆ ಬರುತ್ತಿತ್ತು. ಒಂದು ದಿನ ಕತ್ತರಿ ಬಿಸಾಡಿ ಗೋಡೆಗೆ ಒರಗಿ ಕೂತಳು. ಚಾಪೆಯೇ ಸಾಕಪ್ಪಾ ಎನಿಸಿತು. ಆಗ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದ ಆ ಹಾಳೆ ಕಣ್ಣಿಗೆ ಬಿತ್ತು. ತಾಯಿಗೆ ಕೊಟ್ಟ ಮಾತು ತನ್ನದೇ ಅಕ್ಷರದಲ್ಲಿತ್ತು. ಎದ್ದು ಕತ್ತರಿ ಹೆಕ್ಕಿಕೊಂಡಳು. ಏಳು ಕೆಟ್ಟವು. ಎಂಟನೆಯದು ಮೈಗೆ ಕೂತಿತು.

ಹಸಿರು ಕಣವನ್ನು ಮಾತ್ರ ಅವಳು ಮುಟ್ಟಿರಲಿಲ್ಲ.

ಯುಗಾದಿ ಕಳೆದ ಮೇಲೆ ಎಂಟನೆಯ ರವಿಕೆಯನ್ನು ರಾಯರ ಮುಂದಿಟ್ಟಳು. ರಾಯರು ಅದನ್ನು ತಿರುವಿದರು, ತೋಳಿನೊಳಗೆ ಬೆರಳು ಹಾಕಿ ಹೊಲಿಗೆ ನೋಡಿದರು.

"ಈ ಕಂಕುಳ ತಿರುವು... ನಂದಲ್ವೇನಮ್ಮ ಇದು?"

"ನಿಮ್ಮದೇ ರಾಯರೇ. ನಮ್ಮವ್ವನ ರವಿಕೆ ಬಿಚ್ಚಿ ಕಲಿತೆ."

ರಾಯರು ಕನ್ನಡಕ ಒರೆಸಿಕೊಂಡರು. ಆಮೇಲೆ ಹೇಳಿದರು. "ಚೆನ್ನಾಗಿದೆ. ನಿನಗೂ ಇಲ್ಲೇ ಒಂದು ಮೇಜು ಹಾಕಿಸೋ ವಿಚಾರ ಮಾಡಬಹುದು. ಈ ಮದುವೆ ಸೀಸನ್ ಮುಗೀಲಿ, ದೀಪಾವಳಿ ಕಳೀಲಿ. ನೋಡೋಣ."

ಶಿವನಂಜಮ್ಮ ಮೇಜಿನ ಕಡೆ ನೋಡಿದಳು. ಹದಿಮೂರು ವರ್ಷ ಕಾದ ಮೇಜು! ಕಣ್ಣೆದುರಿಗೇ ಇದೆ. ಇನ್ನೊಂದು ಸ್ವಲ್ಪ ದಿನ ಕಾದರೆ ಆಯಿತು. ಹೂಂ ಎನ್ನಲು ನಾಲಿಗೆ ತುದಿಗೆ ಬಂತು. ಆದರೆ ಆ ನೋಡೋಣಕ್ಕೆ ಇವತ್ತೂ ದಿನವಿರಲಿಲ್ಲ. ಅವಳ ಹಾಳೆಗೆ ದಿನವಿತ್ತು.

ಬಗ್ಗಿ ರಾಯರ ಕಾಲು ಮುಟ್ಟಿದಳು. "ನೀವು ನೋಡಿ ರಾಯರೇ. ನಾನು ಶ್ರಾವಣಕ್ಕೆ ದಿನ ಗೊತ್ತು ಮಾಡ್ಕೊಂಡಿದ್ದೀನಿ. ನಮ್ಮ ಮನೆ ಜಗುಲೀಲೇ ಕೂತು ಗಿರಾಕಿಗಳಿಗೆ ಹೊಲಿಯೋಕೆ ಶುರು ಮಾಡ್ತೀನಿ. ಅಲ್ಲೀವರೆಗೂ ನಿಮ್ಮ ಕಾಜಾ ಒಂದೂ ನಿಲ್ಲಲ್ಲ."

ರಾಯರಿಗೆ ಒಂದು ಗಳಿಗೆ ಸಿಟ್ಟು ಬಂದಂತಿತ್ತು. ಮರುಗಳಿಗೆ ನಕ್ಕುಬಿಟ್ಟರು. ಹೊರಟವಳನ್ನು ಮತ್ತೆ ಕರೆದರು.

"ಏ ಶಿವನಂಜಮ್ಮಾ! ಹಬ್ಬದ ರವಿಕೆಗೆ ಪಕ್ಕದಲ್ಲಿ ಒಂದಿಂಚು ಬಟ್ಟೆ ಹೆಚ್ಚಿಗೆ ಬಿಡು. ಅಳತೆ ಕೊಟ್ಟು ಹೋದೋರು ಹೋಳಿಗೆ ತಿಂದು ದಪ್ಪ ಆಗಿರ್ತಾರೆ. ಯಾರೂ ಒಪ್ಪಲ್ಲ, ನೀನು ಹೊಲಿದಿದ್ದೇ ಬಿಗಿ ಅಂತಾರೆ."

ಅದು ಅವರ ಆಶೀರ್ವಾದ. ಅವಳಿಗೆ ಅರ್ಥವಾಯಿತು.

ಶ್ರಾವಣ ಬಂತು. ವರಮಹಾಲಕ್ಷ್ಮಿಗೆ ಇನ್ನು ಎರಡು ದಿನ. ಶಿವನಂಜಮ್ಮ ಹಸಿರು ಕಣವನ್ನು ಹೊರತೆಗೆದು ಜಗುಲಿಯ ಮೇಲೆ ಹಾಸಿದಳು. ನಾಲ್ಕು ಬೀದಿ ಸುತ್ತಿದ ಮಡಿಕೆಯ ಗೆರೆ ಇನ್ನೂ ಅದರ ಮೇಲಿತ್ತು. ಸೀಮೆಸುಣ್ಣದಲ್ಲಿ ತನ್ನ ಗೆರೆ ಎಳೆದಳು. ಮೂಲೆಯ ಪುಟ್ಟ ಕಾಜಾ ಕುತ್ತಿಗೆಯ ಹಿಂದೆ ಬರುವಂತೆ ನೋಡಿಕೊಂಡಳು. ತಾಯಿಯನ್ನು ನೆನೆದು ಕತ್ತರಿ ಎತ್ತಿದಳು.

ಕರ್... ಕರ್...

ಅದೇ ಸದ್ದು. ಈ ಸಲ ಕತ್ತೆತ್ತಿ ನೋಡಬೇಕಾಗಿರಲಿಲ್ಲ.

ಹಬ್ಬದ ದಿನ ಆ ರವಿಕೆ ತೊಟ್ಟು ಗುಡಿಗೆ ಬಂದಳು. ಹೆಂಗಸರು ಸುತ್ತಲೂ ನೆರೆದರು. "ಕೂತಿರೋ ಚೆಂದ ನೋಡೇ! ಯಾರು ಹೊಲಿದದ್ದು?" ಎಂದು ಒಬ್ಬಳು ತೋಳು ಹಿಡಿದು ಕೇಳಿದಳು.

"ನಾನೇ" ಎಂದಳು ಶಿವನಂಜಮ್ಮ. ಆ ಮಾತು ಹೇಳಲು ಅವಳು ಎಷ್ಟು ವರ್ಷ ಹಂಬಲಿಸಿದ್ದಳೋ, ಹೇಳುವಾಗ ದನಿ ಅಷ್ಟೇ ಸಣ್ಣಗಿತ್ತು.

ಮಾದಪ್ಪನವರು ತಾಯಿಯ ಭುಜಕ್ಕೆ ಹೂ ಅಂಟಿಸಿದರು. "ಕೇಳವ್ವ, ಇವತ್ತೇನು ಕೇಳ್ತೀಯ?"

"ಕೇಳೋಕೆ ಬರಲಿಲ್ಲ ಅಪ್ಪಾಜಿ. ಸೋಮವಾರದಿಂದ ಜಗುಲೀಲಿ ಕೂರ್ತೀನಿ, ಪುಟ್ಟತಾಯಕ್ಕನ ಮಗಳ ಮದುವೆ ರವಿಕೆ ಮೊದಲನೇದು. ಅಮ್ಮನಿಗೆ ಹೇಳಿ ಹೋಗೋಣ ಅಂತ ಬಂದೆ."

ನೆಲಕ್ಕೆ ಹಣೆ ಮುಟ್ಟಿಸಿ ಎದ್ದಳು. ತೀರ್ಥ ತೆಗೆದುಕೊಂಡಳು. ಹೂವಿನ ಕಡೆ ನೋಡುತ್ತಾ ನಿಲ್ಲಲಿಲ್ಲ. ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದಳು. ಬಲಗಡೆಯ ಹೂ ಬಿದ್ದದ್ದು ಅದಾದ ಮೇಲೆ ಎಂದು ಮಾದಪ್ಪನವರು ಇವತ್ತಿಗೂ ಹೇಳುತ್ತಾರೆ.

ನೀತಿ: ಮನಸ್ಸಿನಲ್ಲಿ ಹಂಬಲ ಹುಟ್ಟಿಸುವವನು ದೇವರು. ಅದನ್ನು ಬಿಡಿಸಿ ಹಾಸಿ, ಗೆರೆ ಎಳೆದು, ದಿನ ಗೊತ್ತು ಮಾಡುವುದು ನಮ್ಮ ಪಾಲಿನ ಕೆಲಸ. ನಮ್ಮ ಬದುಕಿನ ಕೆಲಸ ಯಾವುದು, ಅದಕ್ಕೆ ದಾರಿ ಯಾವುದು ಎಂದು ಇನ್ನೊಬ್ಬರು ಹೇಳಲಿ ಎಂದು ಕಾಯುತ್ತಾ ಕೂತರೆ ವರ್ಷಗಳು ಮಡಿಕೆ ಬಿಚ್ಚದೆ ಕಳೆದುಹೋಗುತ್ತವೆ. ನಾವು ಮೊದಲ ಹೆಜ್ಜೆಯನ್ನು ಗೊತ್ತುಮಾಡಿಕೊಂಡು ಹೋದರೆ, ಬೇಡ ಎನ್ನುವುದಕ್ಕಾದರೂ ಆ ತಾಯಿ ಖಂಡಿತ ಬಾಯಿ ಬಿಡುತ್ತಾಳೆ.